ಟೈಲ್‌ವೀಲ್ ವಿಮಾನಕ್ಕೆ ಯಾವ ಹೆಲ್ಮೆಟ್? ಮೊದಲು ಕಾಕ್‌ಪಿಟ್‌ನಲ್ಲಿ ಕೂತು ನೋಡಿ

ಟೈಲ್‌ವೀಲ್ ಎಂದರೆ ಮುಂದೆ ಎರಡು ದೊಡ್ಡ ಗಾಲಿ, ಬಾಲದ ಕೆಳಗೆ ಒಂದು ಸಣ್ಣ ಗಾಲಿ ಇರುವ ವಿಮಾನ. ಅದಕ್ಕೆ ಹೆಲ್ಮೆಟ್ ಬೇಕಾ ಬೇಡವಾ, ಬೇಕಾದರೆ ಯಾವುದು ಎಂದು ಕೇಳುವವರಿಗೆ ನಾನು ಮೊದಲು ಒಂದು ಕೆಲಸ ಹೇಳುತ್ತೇನೆ. ಎಂಜಿನ್ ಆಫ್ ಇರುವಾಗ ನಿಮ್ಮ ವಿಮಾನದಲ್ಲಿ ಹೋಗಿ ಕೂತುಕೊಳ್ಳಿ. ಹಾರುವಾಗ ಹೇಗೆ ಹಾಕುತ್ತೀರೋ ಹಾಗೆಯೇ ಬೆಲ್ಟ್ ಹಾಕಿ. ಈಗ ಮೈಯನ್ನು ಆದಷ್ಟೂ ಮುಂದಕ್ಕೆ ವಾಲಿಸಿ. ಆಮೇಲೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ. ತಲೆಗೆ ಏನೇನು ತಾಗುತ್ತದೆ ಎಂದು ನೋಡಿಕೊಳ್ಳಿ. ಅಪಘಾತದಲ್ಲಿ ಪಟ್ಟಿ ಹಿಗ್ಗುತ್ತದೆ, ಕುತ್ತಿಗೆ ಚಾಚುತ್ತದೆ. ಹಾಗಾಗಿ ಒಂದು ಗೇಣು ದೂರದಲ್ಲಿ ಉಳಿದದ್ದನ್ನೂ ತಾಗಿತು ಎಂದೇ ಲೆಕ್ಕ ಹಿಡಿಯಿರಿ.

ಪೈಪರ್ ಕಬ್, ಸೂಪರ್ ಕಬ್ ತರಹದ ಹಿಂದೆ ಮುಂದೆ ಸೀಟಿನ ವಿಮಾನದಲ್ಲಿ ಈ ಪರೀಕ್ಷೆ ಮಾಡಿದರೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಸುತ್ತ ಎಲ್ಲ ಉಕ್ಕಿನ ಪೈಪು. ಗಾಜಿನ ಹಿಂದೆ ಓರೆಯಾಗಿ ಇಳಿಯುವ ಪೈಪುಗಳು ಹಣೆಯ ಎದುರಿಗೇ ಇರುತ್ತವೆ. ರೆಕ್ಕೆಗಳನ್ನು ಹಿಡಿದಿರುವ ಅಡ್ಡ ಪೈಪು ನೆತ್ತಿಯ ಹತ್ತಿರ ಇರುತ್ತದೆ. ಯಾವ ಹೆಲ್ಮೆಟ್ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಟೈಲ್‌ವೀಲ್‌ನಲ್ಲಿ ತಲೆಗೆ ಏಟು ಬೀಳುವುದು ಹೇಗೆ

ಈ ವಿಮಾನಗಳಲ್ಲಿ ಭಾರದ ಕೇಂದ್ರ ದೊಡ್ಡ ಗಾಲಿಗಳ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ಬಾಲ ಸ್ವಲ್ಪ ಪಕ್ಕಕ್ಕೆ ಸರಿದರೂ ಹಿಂದಿನ ಭಾರ ಅದನ್ನು ಇನ್ನಷ್ಟು ತಳ್ಳುತ್ತದೆ. ಬಾಲವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ನಲ್ಲಿ ಕೂಡಲೇ ಹಿಡಿಯದಿದ್ದರೆ ವಿಮಾನ ಗಿರ್ರನೆ ತಿರುಗುತ್ತದೆ. ಇದು ಗ್ರೌಂಡ್ ಲೂಪ್. ರೆಕ್ಕೆಯ ತುದಿ, ಗಾಲಿಯ ಕಾಲು ಹಾಳಾಗುತ್ತವೆ. ಮನುಷ್ಯರಿಗೆ ಸಾಮಾನ್ಯವಾಗಿ ದೊಡ್ಡ ಪೆಟ್ಟಾಗುವುದಿಲ್ಲ. ಆದರೆ ತಲೆ ಪಕ್ಕಕ್ಕೆ ಎಸೆದಂತಾಗಿ ಬಾಗಿಲ ಚೌಕಟ್ಟಿಗೆ ಬಡಿಯಬಹುದು.

ನಾನು ಜಾಸ್ತಿ ಹೆದರುವುದು ಇನ್ನೊಂದಕ್ಕೆ. ಜೋರಾಗಿ ಬ್ರೇಕ್ ಹಿಡಿದಾಗ, ಕೆಸರಿಗೋ ಮರಳಿಗೋ ಗಾಲಿ ಹೂತಾಗ, ಹಿಂದಿನಿಂದ ಗಾಳಿ ಬಾಲವನ್ನು ಎತ್ತಿದಾಗ ವಿಮಾನ ಮೂಗಿನ ಮೇಲೆ ಮುಗ್ಗರಿಸುತ್ತದೆ. ಕೆಲವೊಮ್ಮೆ ಅಲ್ಲಿಗೇ ನಿಲ್ಲುತ್ತದೆ. ಕೆಲವೊಮ್ಮೆ ಪೂರ್ತಿ ಮಗುಚಿ ಬೆನ್ನ ಮೇಲೆ ಬೀಳುತ್ತದೆ.

ನನಗೆ ಆದದ್ದು ಅರ್ಧ ಮುಗ್ಗರಿಕೆ ಅಷ್ಟೇ. ಮಳೆ ನಿಂತ ಮೇಲೆ ಹುಲ್ಲಿನ ರನ್‌ವೇಯಲ್ಲಿ ಇಳಿದಿದ್ದೆ. ಇಳಿದದ್ದು ಚೆನ್ನಾಗಿಯೇ ಇತ್ತು. ಇನ್ನೇನು ನಿಲ್ಲಬೇಕು ಅನ್ನುವಾಗ ಗಾಲಿ ಮೆತ್ತನೆ ಮಣ್ಣಿಗೆ ಇಳಿಯಿತು. ಬಾಲ ಮೇಲೆ ಹೋಯಿತು, ಪ್ರೊಪೆಲರ್ ನೆಲಕ್ಕೆ ಬಡಿಯಿತು, ಬಾಲ ಮತ್ತೆ ಕೆಳಗೆ ಬಿತ್ತು. ಆಗ ವೇಗ ಓಡುವ ಮನುಷ್ಯನಷ್ಟು ಇತ್ತೋ ಇಲ್ಲವೋ. ಆದರೂ ಹಣೆ ಓರೆ ಪೈಪಿಗೆ ಬಡಿದು ನಾಲ್ಕು ಹೊಲಿಗೆ ಬಿದ್ದವು. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ನಿಧಾನವಾಗಿ ಓಡಿಸುವಾಗ, ತಲೆ ಹೊರಗೆ ಹಾಕಿ ನೋಡಲು ಸುಲಭವಾಗಲಿ ಎಂದು ಭುಜದ ಪಟ್ಟಿಯನ್ನು ಸಡಿಲ ಬಿಟ್ಟಿದ್ದೆ. ತಪ್ಪು ನನ್ನದೇ.

ಆ ದಿನದಿಂದ ನಾನು ಒಂದು ಸಣ್ಣ ಲೆಕ್ಕ ಇಟ್ಟುಕೊಂಡಿದ್ದೇನೆ. ಹಳೆಯ ಜೆ-3 ಕಬ್ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಸ್ಟಾಲ್ ಆಗುತ್ತದೆ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು. ಅಷ್ಟು ವೇಗಕ್ಕೆ ಹೆಲ್ಮೆಟ್ ಏನು ಮಾಡೀತು ಎಂದು ಕೇಳುವವರಿದ್ದಾರೆ. ಆದರೆ ತಲೆ ಬಡಿಯುವ ವೇಗವೇ ಬೇರೆ, ವಿಮಾನದ ವೇಗವೇ ಬೇರೆ. ಬೆಲ್ಟ್ ಮೈಯನ್ನು ಹಿಡಿದಿಟ್ಟರೆ ತಲೆಗೆ ಉಳಿಯುವುದು ಕೊನೆಯ ಒಂದೆರಡು ಗೇಣಿನ ಓಟ ಮಾತ್ರ. ವಿಮಾನ ಮಗುಚುವಾಗ ತಲೆ 2 ಮೀಟರ್ ಎತ್ತರದಿಂದ ಬಿದ್ದಂತೆ ಎಂದುಕೊಳ್ಳಿ. ಅದು ಗಂಟೆಗೆ ಸುಮಾರು 22 ಕಿಲೋಮೀಟರ್ ಆಯಿತು. ಆ ವೇಗದ ತಲೆ ಅರ್ಧ ಸೆಂಟಿಮೀಟರ್‌ನಲ್ಲಿ ನಿಂತರೆ ಸರಾಸರಿ 400 ಜಿ ಏಟು, ಅಂದರೆ ತಲೆಯ ತೂಕದ 400 ಪಟ್ಟು. ಹೆಲ್ಮೆಟ್‌ನ ಫೋಮ್ ಜಜ್ಜಿ 2 ಸೆಂಟಿಮೀಟರ್ ಜಾಗ ಕೊಟ್ಟರೆ ಅದೇ ಏಟು 100 ಜಿಗೆ ಇಳಿಯುತ್ತದೆ. ಹೆಲ್ಮೆಟ್ ಮಾಡುವ ಕೆಲಸ ಇಷ್ಟೇ. ಆದರೆ ಬದುಕುವುದಕ್ಕೂ ಸಾಯುವುದಕ್ಕೂ ನಡುವೆ ಇರುವುದೂ ಅಷ್ಟೇ ಅಂತರ. ನಿಧಾನವಾಗಿ ಇಳಿಯುವ ವಿಮಾನಕ್ಕೆ ಹೆಲ್ಮೆಟ್ ವ್ಯರ್ಥ ಎನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ನಿಧಾನದ ವಿಮಾನದಲ್ಲೇ ಅದರ ಉಪಯೋಗ ಜಾಸ್ತಿ.

ದುಡ್ಡು ಒಂದಕ್ಕೇ ಇದ್ದರೆ ಬೆಲ್ಟ್‌ಗೆ ಹಾಕಿ

ಬರೀ ಸೊಂಟದ ಬೆಲ್ಟ್ ಇರುವ ವಿಮಾನಕ್ಕೆ ಹೆಲ್ಮೆಟ್ ಕೊಳ್ಳಲು ಹೊರಟವರನ್ನು ನಾನು ತಡೆಯುತ್ತೇನೆ. ಅಮೆರಿಕದ ನಿಯಮದಲ್ಲಿ ಸಣ್ಣ ವಿಮಾನದ ಮುಂದಿನ ಸೀಟಿಗೆ ಭುಜದ ಪಟ್ಟಿ ಕಡ್ಡಾಯವಾದದ್ದು 1978ರ ಜುಲೈ 18ರ ನಂತರ ತಯಾರಾದವುಗಳಿಗೆ. ಎಲ್ಲ ಸೀಟಿಗೂ ಕಡ್ಡಾಯವಾದದ್ದು 1986ರ ಡಿಸೆಂಬರ್ 12ರ ನಂತರದವುಗಳಿಗೆ. ಜೆ-3 ಕಬ್ ತಯಾರಿ 1947ರಲ್ಲೇ ನಿಂತಿತು. ಸೆಸ್ನಾ 170ರ ತಯಾರಿ 1956ರಲ್ಲಿ ನಿಂತಿತು. ಅಂದರೆ ನಾವು ಪ್ರೀತಿಸುವ ಹಳೆಯ ಟೈಲ್‌ವೀಲ್‌ಗಳಲ್ಲಿ ಭುಜದ ಪಟ್ಟಿಯನ್ನು ಆಮೇಲೆ ಯಾರಾದರೂ ಹಾಕಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ 1985ರಲ್ಲಿ 500ಕ್ಕೂ ಹೆಚ್ಚು ಸಣ್ಣ ವಿಮಾನಗಳ ಅಪಘಾತಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿತು. ಭುಜದ ಪಟ್ಟಿ ಇದ್ದಿದ್ದರೆ ಸತ್ತವರಲ್ಲಿ ಶೇಕಡ 20ರಷ್ಟು ಜನ ಬದುಕುಳಿಯಬಹುದಿತ್ತು ಎಂದು ಅದು ಹೇಳಿತು. ತೀವ್ರವಾಗಿ ಗಾಯಗೊಂಡವರಲ್ಲಿ ಶೇಕಡ 88ರಷ್ಟು ಜನರ ಗಾಯ ಎಷ್ಟೋ ಕಡಿಮೆ ಆಗಬಹುದಿತ್ತು. ಬೇರೆ ಯಾವ ಸಲಕರಣೆ ಇಷ್ಟು ಕೆಲಸ ಮಾಡೀತು ಹೇಳಿ.

ಎರಡು ಭುಜಕ್ಕೂ ಬರುವ ನಾಲ್ಕು ಬಿಂದುವಿನ ಪಟ್ಟಿ, ಒಂದೇ ಭುಜದ ಮೇಲೆ ಓರೆಯಾಗಿ ಬರುವ ಪಟ್ಟಿಗಿಂತ ಒಳ್ಳೆಯದು. ಗ್ರೌಂಡ್ ಲೂಪ್‌ನಲ್ಲಿ ಮೈ ಪಕ್ಕಕ್ಕೆ ಜಾರುತ್ತದೆ, ಓರೆ ಪಟ್ಟಿಯಿಂದ ಭುಜ ಹೊರಗೆ ಬರಬಹುದು. ಪಟ್ಟಿಯ ಹಿಂದಿನ ಕೊಂಡಿ ಭುಜದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರಬೇಕು. ನೆಲಕ್ಕೆ ಕಟ್ಟಿದ್ದರೆ ಏಟು ಬಿದ್ದಾಗ ಅದು ಬೆನ್ನುಮೂಳೆಯನ್ನೇ ಕೆಳಗೆ ಒತ್ತುತ್ತದೆ. ತೊಡೆಗಳ ನಡುವಿನ ಐದನೇ ಪಟ್ಟಿ ಇದ್ದರೆ ಸೊಂಟದ ಬೆಲ್ಟ್ ಹೊಟ್ಟೆಯ ಮೇಲಕ್ಕೆ ಏರುವುದಿಲ್ಲ. ರೀಲ್ ಇರುವ ಪಟ್ಟಿಯಾದರೆ ಟ್ಯಾಕ್ಸಿ ಮಾಡುವಾಗ ನನ್ನ ಹಾಗೆ ಸಡಿಲಿಸುವ ಆಸೆಯೇ ಬರುವುದಿಲ್ಲ. ನಿಧಾನವಾಗಿ ಬಗ್ಗಿದರೆ ಬಿಡುತ್ತದೆ, ಎಳೆತ ಬಂದರೆ ಹಿಡಿಯುತ್ತದೆ.

ಹಣೆಯ ಎದುರಿನ ಪೈಪುಗಳಿಗೆ ಫೋಮ್ ಸುತ್ತುವುದೂ ಇದೇ ಹಂತದ ಕೆಲಸ. ದಿಂಬಿನ ತರಹದ ಮೆತ್ತನೆ ಫೋಮ್ ಬೇಡ, ಬೆರಳಿಗೆ ಗಟ್ಟಿ ಎನಿಸುವಂಥದ್ದು ಬೇಕು. ಬೆಂಕಿ ಹತ್ತದಂಥದ್ದೇ ಆಗಬೇಕು. ಮೆಕ್ಯಾನಿಕ್ ಕೈಲಿ ಮಾಡಿಸಿ, ಲಾಗ್‌ಬುಕ್‌ನಲ್ಲಿ ಬರೆಸಿ.

ಈಗ ತಲೆಯ ಮೇಲೆ ಏನು

ಬರೀ ಹೆಡ್‌ಸೆಟ್. ಬಹಳ ಜನ ಹಾರುವುದು ಹೀಗೆಯೇ. ಹಗುರ, ತಂಪು, ಶಬ್ದ ತಡೆಯುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. ಏಟಿಗೆ ಮಾತ್ರ ಏನೂ ಇಲ್ಲ. ಕಿವಿಯ ಗಟ್ಟಿ ಬಟ್ಟಲಿನ ಮೇಲೆ ಪಕ್ಕದಿಂದ ಏಟು ಬಿದ್ದರೆ ಅದು ನೇರ ತಲೆಬುರುಡೆಗೆ ಹೋಗುತ್ತದೆ. ಇದು ಊಹೆಯ ಮಾತಲ್ಲ. ಅಮೆರಿಕದ ಸೇನೆ 1970ರ ದಶಕದಿಂದ ಬಳಸಿದ ಎಸ್‌ಪಿಎಚ್-4 ಹೆಲ್ಮೆಟ್‌ನ ಗಟ್ಟಿ ಕಿವಿ ಬಟ್ಟಲುಗಳಿಂದ ಬುರುಡೆಯ ಬುಡ ಒಡೆಯುತ್ತಿದ್ದುದು ಕಂಡುಬಂತು. ಮುಂದೆ ಬಂದ ಹೆಲ್ಮೆಟ್‌ಗಳಲ್ಲಿ ಏಟಿಗೆ ಕುಸಿಯುವ ಬಟ್ಟಲು ಹಾಕಿದರು. ಹೆಲ್ಮೆಟ್ ಕೊಳ್ಳುವಾಗ ಕಿವಿಯ ಜಾಗವನ್ನು ತಿರುಗಿಸಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬಟ್ಟೆ ಅಥವಾ ಚರ್ಮದ ಟೋಪಿ. ತೆರೆದ ಕಾಕ್‌ಪಿಟ್‌ನಲ್ಲಿ ಗಾಳಿಗೆ ಹೆಡ್‌ಸೆಟ್ ಹಾರಿಹೋಗದಂತೆ ಹಿಡಿಯುತ್ತದೆ. ಚಳಿ ತಡೆಯುತ್ತದೆ. ಇದನ್ನೂ ಹೆಲ್ಮೆಟ್ ಎಂದು ಮಾರುತ್ತಾರೆ, ಆದರೆ ಪೆಟ್ಟಿನ ಮಟ್ಟಿಗೆ ಇದು ಟೋಪಿಯೇ.

ಸೈಕಲ್, ಬೈಕ್ ಹೆಲ್ಮೆಟ್. ಸೈಕಲ್ ಹೆಲ್ಮೆಟ್ ಕೆಳಗೆ ಹೆಡ್‌ಸೆಟ್ ಪಟ್ಟಿ ತೂರಿಸಿದರೆ ಹೆಲ್ಮೆಟ್ ತಲೆಯ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಪಟ್ಟಿಯ ಲೋಹ ಫೋಮ್‌ಗೂ ತಲೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬೈಕ್‌ನ ಪೂರ್ತಿ ಮುಖದ ಹೆಲ್ಮೆಟ್ ಏಟು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ರೇಡಿಯೋ ಸರಿಯಾಗಿ ಕೇಳುವುದಿಲ್ಲ. ಪಕ್ಕದ ನೋಟವೂ ಕೆಳಗಿನ ನೋಟವೂ ಕಡಿಮೆಯಾಗುತ್ತವೆ. ಟೈಲ್‌ವೀಲ್ ಇಳಿಸುವಾಗ ನಾವು ನೋಡುವುದೇ ಪಕ್ಕದಿಂದ ಅಲ್ವಾ? ಮೂರು ಗಾಲಿ ನೆಲದ ಮೇಲಿದ್ದಾಗ ಮೂಗು ಮುಂದಿನ ರನ್‌ವೇಯನ್ನು ಮುಚ್ಚಿಬಿಡುತ್ತದೆ. ಎರಡೂ ಅಂಚುಗಳನ್ನು ಕಣ್ಣಂಚಿನಲ್ಲಿ ಹಿಡಿದೇ ನೇರ ಓಡಿಸಬೇಕು. ಆ ಕಣ್ಣಂಚನ್ನು ಕಸಿಯುವ ಹೆಲ್ಮೆಟ್ ಗ್ರೌಂಡ್ ಲೂಪ್‌ಗೆ ಕಾರಣವಾಗಬಹುದು. ಈ ಎರಡನ್ನೂ ನಾನು ಬೇಡ ಎನ್ನುತ್ತೇನೆ.

ಮೈಕ್ರೋಲೈಟ್ ಹೆಲ್ಮೆಟ್. ಮೈಕ್ರೋಲೈಟ್ ಎಂದರೆ ತುಂಬಾ ಹಗುರವಾದ ಸಣ್ಣ ವಿಮಾನ. ಯುರೋಪಿನಲ್ಲಿ ಗಾಳಿಯ ಆಟಗಳಿಗೆಂದು ಇಎನ್ 966 ಎಂಬ ಮಾನದಂಡ ಇದೆ. ಪ್ಯಾರಾಗ್ಲೈಡರ್‌ಗಳಿಗೆ ಒಂದು ವರ್ಗ, ಮೈಕ್ರೋಲೈಟ್‌ಗಳಿಗೆ ಇನ್ನೊಂದು. ಎರಡನೆಯ ವರ್ಗದವು ಹೆಡ್‌ಸೆಟ್ ಜೊತೆಗೇ ಬರುತ್ತವೆ ಅಥವಾ ಹೆಡ್‌ಸೆಟ್‌ಗೆ ಜಾಗ ಬಿಟ್ಟಿರುತ್ತವೆ. ಹಗುರ, ಮುಖ ತೆರೆದಿರುತ್ತದೆ, ನೋಟ ಚೆನ್ನಾಗಿರುತ್ತದೆ. ನಿಧಾನವಾಗಿ ಹಾರುವ ಹಗುರ ಟೈಲ್‌ವೀಲ್‌ಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಶಬ್ದ ತಡೆಯುವುದರಲ್ಲಿ ಕೆಲವು ಸ್ವಲ್ಪ ಹಿಂದೆ. ಎಂಜಿನ್ ಚಾಲೂ ಮಾಡಿ ಪರೀಕ್ಷಿಸದೆ ತಗೊಳ್ಳಬೇಡಿ.

ನಿಮ್ಮ ಹೆಡ್‌ಸೆಟ್‌ನ್ನೇ ಒಳಗೆ ಕೂರಿಸುವ ಚಿಪ್ಪು. ಕೈಯಲ್ಲಿ ಈಗಾಗಲೇ ಒಳ್ಳೆಯ ಹೆಡ್‌ಸೆಟ್ ಇರುವವರಿಗೆ ಇದು ಇಷ್ಟವಾಗುತ್ತದೆ. ರೇಡಿಯೋ ಜೋಡಣೆ ಬದಲಾಗುವುದಿಲ್ಲ. ನೆತ್ತಿ, ಹಣೆ, ಹಿಂದಲೆಗೆ ರಕ್ಷಣೆ ಸಿಗುತ್ತದೆ. ಆದರೆ ಕೆಲವು ಮಾದರಿಗಳಲ್ಲಿ ಕಿವಿಯ ಸುತ್ತ ಚಿಪ್ಪನ್ನು ಕತ್ತರಿಸಿರುತ್ತಾರೆ. ಅಲ್ಲಿ ಏಟು ಬಿದ್ದರೆ ಮತ್ತೆ ಹೆಡ್‌ಸೆಟ್‌ನ ಬಟ್ಟಲೇ ಗತಿ. ಒಳಗೆ ಏಟು ಹೀರುವ ಫೋಮ್ ಇದೆಯೋ, ಬರೀ ಮೆತ್ತನೆ ಪ್ಯಾಡ್ ಇದೆಯೋ ಎಂಬುದನ್ನೂ ಕೇಳಿ. ಚಿಪ್ಪು ಗಟ್ಟಿ ಇದ್ದ ಮಾತ್ರಕ್ಕೆ ಹೆಲ್ಮೆಟ್ ಆಗುವುದಿಲ್ಲ. ಯಾವ ಮಾನದಂಡಕ್ಕೆ ಪರೀಕ್ಷೆ ಆಗಿದೆ ಎಂದು ಮಾರುವವರು ಬರವಣಿಗೆಯಲ್ಲಿ ಹೇಳದಿದ್ದರೆ ನಾನು ಅದನ್ನು ತಗೊಳ್ಳುವುದಿಲ್ಲ.

ಫೈಟರ್ ಹೆಲ್ಮೆಟ್, ಹೆಲಿಕಾಪ್ಟರ್ ಹೆಲ್ಮೆಟ್. ಇವೆರಡರ ನಡುವೆ ಜನ ಬಹಳ ಗೊಂದಲ ಮಾಡಿಕೊಳ್ಳುತ್ತಾರೆ. ಎಚ್‌ಜಿಯು-55 ತರಹದ ಫೈಟರ್ ಹೆಲ್ಮೆಟ್ ಸುಮಾರು 1 ಕಿಲೋ ತೂಗುತ್ತದೆ. ತಲೆಗೆ ಅಂಟಿದಂತೆ ಕೂರುತ್ತದೆ. ಆಕ್ಸಿಜನ್ ಮಾಸ್ಕ್ ಹಿಡಿಯಲು, ಇಜೆಕ್ಷನ್ ಸೀಟಿನಿಂದ ಹಾರಿದಾಗ ಗಾಳಿಯ ಹೊಡೆತ ತಾಳಲು, ಜಾಸ್ತಿ ಜಿಯಲ್ಲಿ ಕುತ್ತಿಗೆಗೆ ಹೊರೆಯಾಗದಿರಲು ಮಾಡಿದ್ದು ಅದು. ಫೈಟರ್ ಪೈಲಟ್ ವಿಮಾನದ ಜೊತೆ ನೆಲಕ್ಕೆ ಬೀಳುವುದಕ್ಕಿಂತ ಮೊದಲೇ ಹೊರಗೆ ಹೋಗುವವನು. ಹೆಲಿಕಾಪ್ಟರ್ ಪೈಲಟ್ ಯಂತ್ರದ ಜೊತೆಗೇ ಬೀಳುವವನು. ಆದ್ದರಿಂದ ಎಚ್‌ಜಿಯು-56 ತರಹದ ಹೆಲ್ಮೆಟ್‌ನಲ್ಲಿ ಫೋಮ್ ದಪ್ಪ, ಕಿವಿಯ ಬಟ್ಟಲು ಕುಸಿಯುವಂಥದ್ದು, ಪಟ್ಟಿ ಗಟ್ಟಿ. ತೂಕ 1.4 ಕಿಲೋ ಆಸುಪಾಸು, ಗಾತ್ರವೂ ದೊಡ್ಡದು.

ಕಬ್‌ನಲ್ಲಿ ಮಗುಚಿಕೊಳ್ಳುವ ನಾವು ಯಾರ ಹಾಗೆ? ಹೆಲಿಕಾಪ್ಟರ್ ಪೈಲಟ್ ಹಾಗೆ. ನಾವೂ ಯಂತ್ರದ ಜೊತೆಗೇ ಬೀಳುವವರು. ಅಮೆರಿಕದ ಸೇನೆ ತನ್ನ ಹೆಲಿಕಾಪ್ಟರ್ ಅಪಘಾತಗಳನ್ನು ಪರಿಶೀಲಿಸಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬದುಕುಳಿಯಬಹುದಾದ ಗಂಭೀರ ಅಪಘಾತಗಳಲ್ಲಿ ಹೆಲ್ಮೆಟ್ ಇಲ್ಲದವರು ತಲೆಗೆ ಏಟಾಗಿ ಸಾಯುವ ಸಂಭವ ಸುಮಾರು 6 ಪಟ್ಟು ಎಂದು ಕಂಡುಬಂತು. ನೋಡಲು ಚೆಂದ ಎಂದು ಫೈಟರ್ ಹೆಲ್ಮೆಟ್ ಆರಿಸುವವರು ಇಷ್ಟನ್ನು ಯೋಚಿಸಿ ಆರಿಸಲಿ.

ಹಳೆಯ ಮಿಲಿಟರಿ ಹೆಲ್ಮೆಟ್ ಕಡಿಮೆ ಬೆಲೆಗೆ ಸಿಗುತ್ತದೆ. ಅದು ಹಿಂದೆ ಏಟು ತಿಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಪಾಲಿಸ್ಟೈರೀನ್ ಫೋಮ್ ಒಮ್ಮೆ ಜಜ್ಜಿದರೆ ಮುಗಿಯಿತು, ಮತ್ತೆ ಉಬ್ಬುವುದಿಲ್ಲ. ಒಳಗಿನ ಫೋಮ್ ಹೊಸದು ಹಾಕಿಸುವ ಅವಕಾಶ ಇದ್ದರೆ ಮಾತ್ರ ಯೋಚಿಸಿ. ಮಿಲಿಟರಿ ಮೈಕ್ ಮತ್ತು ಸ್ಪೀಕರ್‌ಗಳ ವಿದ್ಯುತ್ ರೋಧ ಸಿವಿಲ್ ರೇಡಿಯೋಗೆ ಹೊಂದುವುದಿಲ್ಲ. ಪ್ಲಗ್ ಬದಲಿಸಿದರೆ ಸಾಲದು, ಒಳಗಿನ ಸಾಮಾನೂ ಬದಲಿಸಬೇಕಾಗುತ್ತದೆ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಕೆಲವೊಮ್ಮೆ ಹೊಸದೇ ಲೇಸು.

ಯಾವ ವಿಮಾನಕ್ಕೆ ಯಾವುದು

ಕೆಸರು, ಕಲ್ಲು, ಮರಳು ದಿಣ್ಣೆಗಳ ಮೇಲೆ ಇಳಿಯುವ ಸೂಪರ್ ಕಬ್, ಹಸ್ಕಿ ತರಹದವಕ್ಕೆ ಹೆಲಿಕಾಪ್ಟರ್ ಮಾದರಿಯೇ ನನ್ನ ಮೊದಲ ಆಯ್ಕೆ. ಅಲಾಸ್ಕಾದ ನದಿ ದಂಡೆಗಳಲ್ಲಿ ಇಳಿಯುವ ಅನೇಕ ಪೈಲಟ್‌ಗಳು ಹೆಲ್ಮೆಟ್ ಹಾಕುತ್ತಾರೆ. ಬೆಳೆಗೆ ಔಷಧಿ ಸಿಂಪಡಿಸುವ ವಿಮಾನಗಳ ಪೈಲಟ್‌ಗಳಂತೂ ಅದಿಲ್ಲದೆ ಏರುವುದು ಅಪರೂಪ. ಅಂಥ ವಿಮಾನಗಳಾದ ಏರ್ ಟ್ರ್ಯಾಕ್ಟರ್, ಥ್ರಷ್ ಎರಡೂ ಟೈಲ್‌ವೀಲ್‌ಗಳೇ.

ಆದರೆ ಒಂದು ಷರತ್ತು. ದೊಡ್ಡ ಹೆಲ್ಮೆಟ್ ತಲೆಯ ಎತ್ತರವನ್ನು ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿಸುತ್ತದೆ. ತಲೆ ಮೊದಲೇ ಅಡ್ಡ ಪೈಪಿನ ಹತ್ತಿರ ಇದ್ದರೆ ಗಾಳಿಯ ಕುಲುಕಾಟದಲ್ಲಿ ದಿನವೂ ಬಡಿಯುತ್ತದೆ. ಸೀಟು ತಗ್ಗಿಸಿದರೆ ಮೂಗಿನ ಮೇಲಿಂದ ಕಾಣುತ್ತಿದ್ದ ಸ್ವಲ್ಪವೂ ಕಾಣುವುದಿಲ್ಲ. ಅಂಥ ವಿಮಾನದಲ್ಲಿ ತೆಳುವಾದ ಮೈಕ್ರೋಲೈಟ್ ಹೆಲ್ಮೆಟ್ ಹಾಕಿ, ಪೈಪಿಗೆ ಫೋಮ್ ಸುತ್ತಿ. ಕಾಗದದ ಮೇಲೆ ಕಡಿಮೆ ರಕ್ಷಣೆ ಅನಿಸಿದರೂ ಆ ಕಾಕ್‌ಪಿಟ್‌ನಲ್ಲಿ ಅದೇ ಸರಿ.

ಪಿಟ್ಸ್, ಡೆಕಾಥ್ಲಾನ್‌ಗಳಲ್ಲಿ ಏರೋಬ್ಯಾಟಿಕ್ಸ್, ಅಂದರೆ ಆಕಾಶದಲ್ಲಿ ಕಸರತ್ತು, ಮಾಡುವವರ ಲೆಕ್ಕ ಬೇರೆ. ಒಂದೂವರೆ ಕಿಲೋ ಹೆಲ್ಮೆಟ್ 6 ಜಿಯಲ್ಲಿ 9 ಕಿಲೋ ಆಗುತ್ತದೆ. ಅದನ್ನು ಹೊರುವುದು ಕುತ್ತಿಗೆ. ಇಲ್ಲಿ ಹಗುರವಾದದ್ದೇ ಬೇಕು. ಫೈಟರ್ ಮಾದರಿ ಒಪ್ಪುವುದು ಇಲ್ಲಿಯೇ. ಪ್ಯಾರಾಚೂಟ್ ಹಾಕಿದ್ದರೆ, ವಿಮಾನದಿಂದ ಹೊರಗೆ ಜಿಗಿಯುವಾಗ ಹೆಲ್ಮೆಟ್ ತಂತಿ ಕೈಯ ಸಹಾಯ ಇಲ್ಲದೆಯೇ ಕಳಚಿಕೊಳ್ಳಬೇಕು. ಎಳೆದು ನೋಡಿ.

ತೆರೆದ ಕಾಕ್‌ಪಿಟ್‌ನ ಹಳೆಯ ವಿಮಾನ ಮಗುಚಿದರೆ ತಲೆ ನೇರ ನೆಲಕ್ಕೆ. ಹಳೆಯ ಕಾಲದ ಚರ್ಮದ ಟೋಪಿಯ ಚೆಂದ ನನಗೂ ಇಷ್ಟ. ಆದರೂ ಗಟ್ಟಿ ಹೆಲ್ಮೆಟ್ ಹಾಕಿ, ಫೋಟೋಗೆ ಬೇಕಾದರೆ ಟೋಪಿ ಹಾಕಿಕೊಳ್ಳಿ.

ಸೆಸ್ನಾ 170, 180 ತರಹ ಅಕ್ಕಪಕ್ಕ ಸೀಟಿನ ವಿಮಾನದಲ್ಲಿ ಒಳ್ಳೆಯ ಡಾಂಬರು ರನ್‌ವೇಯಿಂದ ಇನ್ನೊಂದು ಡಾಂಬರು ರನ್‌ವೇಗೆ ಹೋಗುವವರಿಗೆ ಹೆಲ್ಮೆಟ್ ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಭುಜದ ಪಟ್ಟಿ, ಬಿಗಿದ ಸೊಂಟದ ಬೆಲ್ಟ್ ಸಾಕು. ಕಲಿಯುವವರ ಮಟ್ಟಿಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಗ್ರೌಂಡ್ ಲೂಪ್ ಹತ್ತಿರ ಸುಳಿಯುವುದು ಆಗಲೇ ಜಾಸ್ತಿ. ಹಾಕಿಕೊಳ್ಳಿ. ಜೊತೆಗೆ ಕೂರುವವರಿಗೂ ಒಂದು ಇರಲಿ. ನಿಮ್ಮನ್ನು ನಂಬಿ ಕೂತವರು ಅವರು.

ಕೊಂಡ ಮೇಲೆ

ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡು ಕೂರಿ. ಒಂದೇ ಜಾಗದಲ್ಲಿ ಒತ್ತಿ ನೋಯುತ್ತಿದ್ದರೆ ಹಾರುವಾಗ ಅದು ಹತ್ತು ಪಟ್ಟು ಕಾಡುತ್ತದೆ. ಗದ್ದದ ಪಟ್ಟಿ ಬಿಗಿದು, ಹಿಂದಿನಿಂದ ಮುಂದಕ್ಕೆ ಉರುಳಿಸಿ ಕಳಚಲು ನೋಡಿ. ಕಳಚಿ ಬಂದರೆ ಅಳತೆ ತಪ್ಪು. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಏಟಿಗೆ ಮೊದಲೇ ಹಾರಿಹೋಗುತ್ತದೆ. ಚಿಪ್ಪಿಗೆ ಬಣ್ಣ ಬಳಿಯುವ, ಸ್ಟಿಕರ್ ಅಂಟಿಸುವ ಮೊದಲು ತಯಾರಕರನ್ನು ಕೇಳಿ. ಕೆಲವು ದ್ರಾವಕಗಳು ಪಾಲಿಕಾರ್ಬನೇಟ್‌ನ್ನು ಒಳಗೊಳಗೇ ಸೀಳುತ್ತವೆ. ಕಣ್ಣಿನ ಮುಂದೆ ಇಳಿಯುವ ಪಾರದರ್ಶಕ ಮುಚ್ಚಳ, ವೈಸರ್, ಇದ್ದರೆ ಇಳಿಯುವಾಗ ಕೆಳಗೆ ಎಳೆದುಕೊಳ್ಳಿ, ಒಡೆದ ಗಾಜಿನ ಚೂರಿನಿಂದ ಕಣ್ಣು ಉಳಿಯುತ್ತದೆ. ಮೊದಲ ಕೆಲವು ಹಾರಾಟಗಳನ್ನು ಗಾಳಿ ಇಲ್ಲದ ದಿನ ಮಾಡಿ. ತಲೆಯ ತೂಕ, ಕಣ್ಣಂಚಿನ ನೋಟ, ಕಿಟಕಿಗೆ ತಾಗುವ ಅಂಚು, ಎಲ್ಲವೂ ಹೊಸದಾಗಿರುತ್ತವೆ.

ಕೊನೆಯದಾಗಿ, ಮಗುಚಿದ ವಿಮಾನದಿಂದ ಹೊರಬರುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿ. ತಲೆಕೆಳಗಾಗಿ ನೇತಾಡುತ್ತಿರುವಾಗ ಗಾಬರಿಯಲ್ಲಿ ಬೆಲ್ಟ್ ಬಿಚ್ಚಿದರೆ ಇಡೀ ಮೈಭಾರ ಕುತ್ತಿಗೆಯ ಮೇಲೆ ಬೀಳುತ್ತದೆ. ಅಪಘಾತದಲ್ಲಿ ಏನೂ ಆಗದೆ ಇಲ್ಲಿ ಕುತ್ತಿಗೆ ಮುರಿದುಕೊಳ್ಳಬಹುದು. ಮೊದಲು ಇಂಧನದ ಕವಾಟ, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೋ, ಮಾಸ್ಟರ್ ಸ್ವಿಚ್ ಆಫ್ ಮಾಡಿ. ಬಾಗಿಲು ತೆರೆಯಿರಿ. ಹೆಡ್‌ಸೆಟ್ ತಂತಿ ಕಳಚಿ. ಒಂದು ಕೈಯನ್ನು ತಲೆಯ ಕೆಳಗೆ ಬಂದಿರುವ ಚಾವಣಿಗೆ ಒತ್ತಿ ಹಿಡಿಯಿರಿ, ಕಾಲುಗಳನ್ನು ಪ್ಯಾನೆಲ್‌ನ ಕೆಳಗೆ ಊರಿ. ಆಮೇಲೆ ಇನ್ನೊಂದು ಕೈಯಿಂದ ಬೆಲ್ಟ್ ಬಿಚ್ಚಿ. ಹೆಲ್ಮೆಟ್ ಮಾತ್ರ ತೆಗೆಯಬೇಡಿ, ವಿಮಾನದಿಂದ ದೂರ ಹೋಗುವ ತನಕ ಅದು ತಲೆಯ ಮೇಲೇ ಇರಲಿ.